ಮನೆ ಕಾಯಿಲೆ, ಫಾರಂ ಕಾಯಿಲೆ

ಬೈರಯ್ಯ: ಮೊದ್ಲು ಇವಳ ಹಾರ್ಟ್ ಬರ್ಕೊಳಮ್ಮ.

ರಾಮಮ್ಮ: ಹಾರ್ಟ್ ಬರೀಬೇಡ ಕಣಮ್ಮ.

ಬೈರಯ್ಯ: ಬರ್ಕೋ ಅಂದ್ರೆ ಬರ್ಕೋ. ಆ ಹಾರ್ಟಿಗೋಸ್ಕರಾನೇ ನಾವು ಬೆಳಗ್ಗೆಯಿಂದ ಇಲ್ಲಿ ಕಾಯ್ತಾ ಇರೋದು.

ರಾಮಮ್ಮ: ಬೇಡ ಅಂದ್ರೆ ಬೇಡ. ಹಾರ್ಟು ನಂದು, ನಿಮ್ದಲ್ಲ.

ನೀಲಾಂಬಿಕಾ: ಯವ್ವಾ, ಒಬ್ಬೊಬ್ರ ಮಾತಾಡ್ರಿ! ಎದಿ ಬ್ಯಾನಿ ಐತೋ ಇಲ್ಲೋ?

ಬೈರಯ್ಯ: ಇದೆ.

ರಾಮಮ್ಮ: ಇಲ್ಲ.

ನೀಲಾಂಬಿಕಾ: ಹಿಂಗಂದ್ರ ನಾ ಏನ್ ಬರೀಲ್ರಿ? ಅರ್ಧ ಐತಿ ಅಂತ ಬರೀಲೇನು?

ಆರ್‌ಪಿಸಿ ಲೇಔಟಿನ ಗಣಪತಿ ದೇವಸ್ಥಾನದ ಹಿಂದೆ ಒಂದು ಹಾಲಿದೆ. ನಾಮಕರಣ, ಆರತಿ ಶಾಸ್ತ್ರಕ್ಕೆ ಬಾಡಿಗೆಗೆ ಕೊಡುವ ಜಾಗ. ಆ ಭಾನುವಾರ ನಮ್ಮ ಬಡಾವಣೆಯ ಸಂಘದವರು ಅಲ್ಲಿ ಆರೋಗ್ಯ ವಿಮೆಗೆ ಹೆಸರು ಬರೆಸುವ ಕ್ಯಾಂಪ್ ಇಟ್ಟಿದ್ದರು. ರೇಷನ್ ಕಾರ್ಡ್ ತೋರಿಸಿ ಸರ್ಕಾರದ ಕಾರ್ಡ್ ಮಾಡಿಸುವವರಿಗೆ ಒಂದು ಮೇಜು. ಆ ಭಾಗ್ಯವಿಲ್ಲದ, ದೊಡ್ಡ ಆಸ್ಪತ್ರೆಯ ಹೆಸರು ಕೇಳಿದರೇ ಕೈಕಾಲು ತಣ್ಣಗಾಗುವ ನಮ್ಮಂಥವರಿಗೆ ದುಡ್ಡು ಕಟ್ಟಿ ವಿಮೆ ಮಾಡಿಸುವ ಇನ್ನೊಂದು ಮೇಜು. ಈ ಎರಡನೆಯ ಮೇಜಿನಲ್ಲಿ ಸಂಘದ ಪರವಾಗಿ ಫಾರಂ ತುಂಬಲು ಕೂತಿದ್ದವರು ನೀಲಾಂಬಿಕಾ. ಗದಗಿನ ಕಡೆಯವರು, ಮಕ್ಕಳಿಗೆ ಮನೆಪಾಠ ಹೇಳುವವರು, ತುಂಬಾ ಒಳ್ಳೆಯ ಹೆಂಗಸು. ಪಿಸುಮಾತು ಆಡುವುದೊಂದು ಮಾತ್ರ ಅವರಿಗೆ ಬರುವುದಿಲ್ಲ.

ಬೈರಯ್ಯ ನಮ್ಮ ರಸ್ತೆಯ ಹಿಟ್ಟಿನ ಮಿಲ್ಲಿನವರು. ಭಾನುವಾರ ಸ್ನಾನ ಮಾಡಿ ಬಂದಿದ್ದರೂ ಹುಬ್ಬಿನಲ್ಲಿ ರಾಗಿಹಿಟ್ಟು ಹಾಗೇ ಇತ್ತು. ರಾಮಮ್ಮ ಅವರ ಹೆಂಡತಿ. ನನ್ನ ಟೋಕನ್ ಅವರದಾದ ಮೇಲೆ. ಬೇಗ ಮುಗಿಸಿದರೆ ಮನೆಗೆ ಹೋಗಿ ಇಡ್ಲಿ ತಿನ್ನಬಹುದಿತ್ತು ಎಂದು ಮೊದಲು ಗೊಣಗಿಕೊಂಡೆ. ಆಮೇಲೆ ಕುರ್ಚಿಯನ್ನು ಇನ್ನೊಂದಿಷ್ಟು ಮುಂದಕ್ಕೆ ಎಳೆದುಕೊಂಡೆ.

ನೀಲಾಂಬಿಕಾ: ಕೇಳ್ರಿ ಇಲ್ಲೆ, ಇನ್ನೊಮ್ಮೆ ಹೇಳ್ತೀನಿ. ಇಬ್ಬರಿಗೂ ಏನೂ ಬ್ಯಾನಿ ಇಲ್ಲಂದ್ರ ಈ ಸಣ್ಣ ಪ್ಲಾನ್. ನಿಮ್ಮ ಕೈಗೆ ಎಟುಕ್ತೈತಿ. ಎದಿ ಬ್ಯಾನಿ ಐತಿ ಅಂದ್ರ ಈ ಪ್ಲಾನ್ ಕೊಡೂದಿಲ್ಲ. ಬ್ಯಾರೆ ಪ್ಲಾನ್, ಬ್ಯಾರೆ ಟೆಸ್ಟು, ರೊಕ್ಕಾನೂ ಜಾಸ್ತಿ.

ಬೈರಯ್ಯ: ಎಷ್ಟು ಜಾಸ್ತಿ?

ನೀಲಾಂಬಿಕಾ ಕಾಗದವನ್ನು ತಿರುಗಿಸಿ ತೋರಿಸಿದರು. ಬೈರಯ್ಯ ಕನ್ನಡಕ ಹಾಕಿಕೊಂಡು ನೋಡಿದರು, ಕನ್ನಡಕ ತೆಗೆದು ನೋಡಿದರು. ಎರಡು ಸಲವೂ ಅಷ್ಟೇ ಇತ್ತು.

ಬೈರಯ್ಯ: ಇಷ್ಟಾ! ಮಿಲ್ಲಲ್ಲಿ ಹಿಟ್ಟಿನ ಬದ್ಲು ಬಂಗಾರ ಬೀಸ್ಬೇಕಾಗುತ್ತೆ.

ರಾಮಮ್ಮ: ಅದಕ್ಕೇ ಹೇಳ್ತಾ ಇರೋದು, ಹಾರ್ಟ್ ಬರೀಬೇಡ ಅಂತ.

ನೀಲಾಂಬಿಕಾ: ಅಕ್ಕಾರ, ಇದ್ದದ್ದು ಮುಚ್ಚಿಟ್ರ ನಾಳೆ ಆಸ್ಪತ್ರಿಯೊಳಗ ಒಂದ್ ಪೈಸಾ ಬರೂದಿಲ್ರಿ. ಸುಳ್ಳ ಬರಿಸಿದ್ರಿ ಅಂತ ಹೇಳಿ ಕೈ ತೊಳಕೋತಾರ.

ಬೈರಯ್ಯ: ಕೇಳಿದ್ಯಾ? ನಮ್ಮ ಭರಮಪ್ಪನ ಕಥೆ ನೆನಪಿಲ್ವಾ? ಎಂಟು ದಿವ್ಸ ಆಸ್ಪತ್ರೇಲಿದ್ದು ಬಂದ, ಬಾಗಿಲಲ್ಲಿ ನಿಲ್ತಾ ಇದ್ದ ಟೆಂಪೋ ಬಿಲ್ಲಿಗೆ ಹೋಯ್ತು. ನನ್ ಹತ್ರ ಮಿಲ್ಲೊಂದೇ ಇರೋದು ಕಣೇ. ನಿನಗೆ ಏನಾದ್ರೂ ಆದ್ರೆ ಅದೇ ಹೋಗ್ಬೇಕು.

ರಾಮಮ್ಮ: ನನಗೇನೂ ಆಗಲ್ಲ. ರೀ, ನೀವು ಒಂಚೂರು ಹೊರಗೆ ಹೋಗಿ ಬನ್ನಿ.

ಬೈರಯ್ಯ: ಯಾಕೆ?

ರಾಮಮ್ಮ: ಚಪ್ಪಲಿ ಹೊರಗೆ ಬಿಟ್ಟಿದೀವಿ. ದೇವಸ್ಥಾನದ ಹತ್ರ ಚಪ್ಪಲಿ ಹೋಗ್ತಾವೆ. ಅಲ್ಲೇ ನಿಂತು ನೋಡ್ಕೊಳ್ಳಿ.

ಬೈರಯ್ಯ ಎದ್ದು ಹೋದರು. ರಾಮಮ್ಮ ಮೇಜಿನ ಮೇಲೆ ಬಾಗಿ, ‘ನೋಡಮ್ಮ ನೀಲಾ...’ ಎನ್ನುವಷ್ಟರಲ್ಲಿ ಬೈರಯ್ಯ ವಾಪಸ್ ಬಂದಿದ್ದರು. ಎರಡು ಜೊತೆ ಚಪ್ಪಲಿಯನ್ನೂ ಒಂದು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

ಬೈರಯ್ಯ: ತಗೋ, ಇಲ್ಲೇ ಇರ್ಲಿ. ಚಪ್ಪಲಿ ಬಗ್ಗೆ ಟೆನ್ಷನ್ ಮಾಡ್ಕೋಬೇಡ. ನಿನ್ನ ಹಾರ್ಟಿಗೆ ಟೆನ್ಷನ್ ಆಗಿಬರಲ್ಲ.

ರಾಮಮ್ಮ: ಅಯ್ಯೋ ಶಿವನೇ. ರೀ, ಆಧಾರ್ ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ.

ಬೈರಯ್ಯ: ಮಾಡ್ಸಿದೀನಿ. ಮೂರ್ ಮೂರು ಕಾಪಿ ಇದೆ.

ರಾಮಮ್ಮ: ನೀರು ತನ್ನಿ.

ಬೈರಯ್ಯ: ಬಾಟ್ಲು ನಿನ್ನ ಚೀಲದಲ್ಲೇ ಇದೆ. ಬಿಸಿನೀರು. ನಿನಗೆ ತಣ್ಣೀರು ಆಗಲ್ವಲ್ಲ ಅಂತ ನಾನೇ ಕಾಯ್ಸಿ ಹಾಕಿದ್ದು.

ರಾಮಮ್ಮನ ಮುಖ ಚಿಕ್ಕದಾಯಿತು. ಇಷ್ಟರಲ್ಲಿ ಬೈರಯ್ಯ ಮೂಗು ಹಿಡಿದುಕೊಂಡು, ಚಪ್ಪಲಿಯ ಗಂಟನ್ನು ಮೇಜಿನ ಮೇಲಿಟ್ಟು, ಎದ್ದು ಗೇಟಿನ ಕಡೆ ಓಡಿದರು. ಹೊರಗಿನಿಂದ ಒಂದು ಭಾರಿ ಸೀನು ಕೇಳಿಸಿತು. ನಮಗ್ಯಾರಿಗೂ ಆಶ್ಚರ್ಯವಾಗಲಿಲ್ಲ. ಅವರು ಮನೆಯೊಳಗೆ ಸೀನುವವರಲ್ಲ, ಸೀನು ಬಂದರೆ ಬೀದಿಗೆ ಬರುತ್ತಾರೆ ಎನ್ನುವುದು ನಮ್ಮ ರಸ್ತೆಯ ನಾಯಿಗಳಿಗೂ ಗೊತ್ತು. ತುಂಬಾ ಹೊತ್ತಾದ ಮೇಲೆ ಹಣೆ ಒರೆಸಿಕೊಳ್ಳುತ್ತಾ ಬಂದು ಕೂತರು. ಅಷ್ಟು ಹೊತ್ತು ಸಿಕ್ಕಿದ್ದರೂ ರಾಮಮ್ಮ ಬಾಯಿ ಬಿಟ್ಟಿರಲಿಲ್ಲ. ಬಾಟಲಿಯನ್ನೇ ನೋಡುತ್ತಾ ಕೂತಿದ್ದರು.

ನೀಲಾಂಬಿಕಾ: ಅಣ್ಣಾರ, ಒಳಗ ಸೀನಿದ್ರ ಏನಾಕ್ಕೈತ್ರಿ?

ಬೈರಯ್ಯ: ಇವಳಿಗೆ ಶಾಕ್ ಆಗ್ಬಾರ್ದಮ್ಮ. ಡಾಕ್ಟರ್ ಹೇಳಿದಾರೆ. ಜೋರು ಸದ್ದು ಆಗ್ಬಾರ್ದು, ಜಗಳ ಆಗ್ಬಾರ್ದು, ಕೆಟ್ಟ ಸುದ್ದಿ ಹೇಳ್ಬಾರ್ದು. ಮನೇಲಿ ಮಿಕ್ಸಿ ಹಾಕೋಕೂ ನಾನು ಇವಳನ್ನ ಕೇಳ್ಕೊಂಡು ಹಾಕ್ತೀನಿ.

ನೀಲಾಂಬಿಕಾ: ಮಿಕ್ಸಿ ನೀವು ಹಾಕ್ತೀರಿ?

ಬೈರಯ್ಯ: ಚಟ್ನಿ ನಂದೇ. ಬೆಳಗಿನ ಕಾಫೀನೂ ನಂದೇ. ಎದ್ದ ತಕ್ಷಣ ಒಲೆ ಮುಂದೆ ನಿಂತ್ರೆ ಹಾರ್ಟಿಗೆ ಒಳ್ಳೇದಲ್ಲ ಅಂತ ಡಾಕ್ಟರ್ ಹೇಳಿದಾರೆ.

ನೀಲಾಂಬಿಕಾ: ಯಾವ ಡಾಕ್ಟರ್ರಿ, ನನಗೂ ಸ್ವಲ್ಪ ವಿಳಾಸ ಕೊಡ್ರಿ.

ಬೈರಯ್ಯ: ಸುಬ್ರಮಣಿ ಡಾಕ್ಟ್ರು. ಈಗಿಲ್ಲ, ಪಾಪ. ಕ್ಲಿನಿಕ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರ್ತಾರೆ.

ನೀಲಾಂಬಿಕಾ: ನಿಮಗ ಖುದ್ದ ಹೇಳಿದ್ರೇನು?

ಬೈರಯ್ಯ: ನನಗಲ್ಲ. ನಾನು ಹೊರಗೆ ಕೂತಿದ್ದೆ. ಒಳಗೆ ಇವಳಿಗೆ ಹೇಳಿದ್ರು, ಇವಳು ನನಗೆ ಹೇಳಿದ್ಲು.

ನೀಲಾಂಬಿಕಾ ಪೆನ್ನಿನ ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡು ರಾಮಮ್ಮನನ್ನು ನೋಡಿದರು. ರಾಮಮ್ಮ ಗೋಡೆಯ ಮೇಲಿನ ಗಣಪತಿ ಕ್ಯಾಲೆಂಡರನ್ನು ನೋಡಿದರು.

ಬೈರಯ್ಯ: ನನಗೆ ಈಗ ಅರ್ಥ ಆಯ್ತಮ್ಮ. ಇವಳು ಯಾಕೆ ಇಲ್ಲ ಇಲ್ಲ ಅಂತಾಳೆ ಅಂದ್ರೆ, ನಾನು ದುಡ್ಡಿಗೆ ಒದ್ದಾಡ್ತೀನಲ್ಲ ಅಂತ. ನನಗೋಸ್ಕರ ಇರೋ ಕಾಯಿಲೇನೇ ಇಲ್ಲ ಅಂತ ಇದಾಳೆ. ಎಂಥಾ ಮನಸ್ಸು ನೋಡು!

ರಾಮಮ್ಮ: ರೀ, ಸುಮ್ನಿರಿ.

ಬೈರಯ್ಯ: ಯಾಕ್ ಸುಮ್ನಿರ್ಲಿ? ಒಂದ್ ಕೆಲ್ಸ ಮಾಡಮ್ಮ. ನನ್ನ ಹೆಸ್ರು ತೆಗೆದ್ಬಿಡು. ಆ ದೊಡ್ಡ ಪ್ಲಾನ್ ಇದ್ಯಲ್ಲ, ಅದು ಇವಳೊಬ್ಬಳಿಗೇ ಮಾಡು. ನನಗೇನಾಗಿದೆ, ಗುಂಡುಕಲ್ಲು ಇದ್ದಂಗಿದೀನಿ.

ರಾಮಮ್ಮ: ನಿಮ್ಮ ಹೆಸ್ರು ತೆಗೆಯೋದಾ? ಏನ್ ಮಾತು ಅಂತ ಆಡ್ತೀರಾ!

ಬೈರಯ್ಯ: ಬರ್ಕೊಳಮ್ಮ. ರಾಮಮ್ಮ, ಹಾರ್ಟ್ ಪೇಷೆಂಟ್. ಗಂಡನ ಹೆಸ್ರು ಕೊಟ್ಟಿಲ್ಲ.

ನಿಜ ಹೇಳುತ್ತೇನೆ, ನನಗೆ ನನ್ನ ಇಡ್ಲಿಯೇ ಮರೆತುಹೋಯಿತು. ನನ್ನ ಹಿಂದೆ ಸರದಿಗೆ ಕಾಯುತ್ತಾ ಕೂತಿದ್ದ ನಮ್ಮ ರಸ್ತೆಯ ಹಾಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇಂಥ ಗಂಡನ ಎದುರು ಯಾವ ಹೆಂಗಸಿನ ಸುಳ್ಳು ತಾನೆ ನಿಲ್ಲುತ್ತದೆ? ರಾಮಮ್ಮ ತಡೆಯಲಾರದೆ ನೀಲಾಂಬಿಕಾ ಅವರ ಕಿವಿಯನ್ನೇ ಎಳೆದುಕೊಂಡು ಏನೋ ಉಸುರಿದರು.

ನೀಲಾಂಬಿಕಾ: ಆಂ? ಎದಿ ಬ್ಯಾನಿ ಸುಳ್ಳೇನ್ರಿ!

ಸರ್ಕಾರದ ಕಾರ್ಡಿನ ಮೇಜೂ ತಿರುಗಿ ನೋಡಿತು. ದೇವಸ್ಥಾನದ ಅರ್ಚಕರು ಕಿಟಕಿಯಲ್ಲಿ ಕಾಣಿಸಿಕೊಂಡರು.

ರಾಮಮ್ಮ: ಮೆತ್ತಗೆ ಕಣಮ್ಮ!

ನೀಲಾಂಬಿಕಾ: ಮೆತ್ತಗ ಹೇಳಿದ್ನಿರಿ!

ಬೈರಯ್ಯ: ಏನು ಸುಳ್ಳು? ಯಾವ್ದು ಸುಳ್ಳು?

ರಾಮಮ್ಮ: ...ಗ್ಯಾಸು ಕಣ್ರೀ.

ಬೈರಯ್ಯ: ಗ್ಯಾಸಾ?

ರಾಮಮ್ಮ: ಅವತ್ತು ಮದ್ವೆ ಮನೇಲಿ ಬೋಂಡ ತಿಂದಿದ್ದೆ. ಎದೆ ಹಿಡ್ಕೊಂಡಂಗಾಯ್ತು. ಡಾಕ್ಟ್ರು ಗ್ಯಾಸು, ಒಂದ್ ಮಾತ್ರೆ ತಗೋ ಹೋಗು ಅಂದ್ರು. ಹೊರಗೆ ಬಂದ್ರೆ ನೀವು ಮುಖ ಬೆಳ್ಳಗೆ ಮಾಡ್ಕೊಂಡು ನಿಂತಿದ್ರಿ. ನನ್ನ ಮದ್ವೆ ಆದ್ಮೇಲೆ ನೀವು ನನ್ನ ಮುಖಾನ ಅಷ್ಟು ಹೊತ್ತು ನೋಡಿದ್ದು ಅವತ್ತೇ. ಅದಕ್ಕೇ... ಸ್ವಲ್ಪ ಸೇರ್ಸಿ ಹೇಳ್ದೆ.

ಬೈರಯ್ಯ: ಸ್ವಲ್ಪ?

ರಾಮಮ್ಮ: ಆಗ ನಮ್ಮನೇಲಿ ದಿನಾ ಇಸ್ಪೀಟು. ಭರಮಪ್ಪ, ಫಕೀರೇಶ, ಇನ್ಯಾರೋ. ಅವರ ಗಲಾಟೆ, ಅವರ ಬೀಡಿ, ಅವರಿಗೆ ಟೀ ಮೇಲೆ ಟೀ. ಎಷ್ಟು ಹೇಳಿದ್ರೂ ನೀವು ಕೇಳ್ಲಿಲ್ಲ. ಹಾರ್ಟ್ ಅಂದೆ, ಅವತ್ತೇ ಎಲ್ಲಾರನ್ನೂ ಎಬ್ಬಿಸಿ ಕಳಿಸಿದ್ರಿ.

ಬೈರಯ್ಯ: ನನ್ನ ಇಸ್ಪೀಟ್ ಹೋಯ್ತು! ಫಕೀರೇಶನ ಸ್ನೇಹ ಹೋಯ್ತು! ಕ್ರಿಕೆಟ್ ಮ್ಯಾಚ್‌ನ ಸೌಂಡ್ ಇಲ್ದೆ ನೋಡಿದೀನಿ ಕಣೇ! ವಿಕೆಟ್ ಬಿದ್ರೆ ದಿಂಬು ಕಚ್ಕೊಂಡು ಕೂಗಿದೀನಿ! ಒಂದೇ ಒಂದು ದಿವ್ಸ ನಮ್ಮನೇಲಿ ನಾನು ಜೋರಾಗಿ ಸೀನಿಲ್ಲ!

ರಾಮಮ್ಮ: ಸೀನ್ಬೇಡಿ ಅಂತ ನಾನೆಲ್ಲಿ ಹೇಳಿದ್ದೆ? ಅದು ನೀವೇ ಸೇರಿಸ್ಕೊಂಡಿದ್ದು.

ಬೈರಯ್ಯ: ಕಾಫಿ?

ರಾಮಮ್ಮ: ಕಾಫಿ... ಅದು ನಾನು ಸೇರಿಸಿದ್ದು.

ಹಾಲಿನಲ್ಲಿ ಕಿಸಕ್ಕೆಂದು ನಗು ಎದ್ದಿತು. ಮೊದಲು ನಕ್ಕವನು ನಾನೇ ಇರಬೇಕು. ಹಾಲವ್ವ ಮಾತ್ರ ನಗಲಿಲ್ಲ. ಅವರು ಎಲ್ಲವನ್ನೂ ಮನಸ್ಸಿನಲ್ಲಿ ಬರೆದುಕೊಳ್ಳುತ್ತಿರುವಂತೆ ಕಂಡಿತು.

ಬೈರಯ್ಯ: ಇಂಥಾ ಮೋಸಾನ ನಾನು ಎಲ್ಲೂ ಕಂಡಿಲ್ಲ. ಗಂಡನ ಹತ್ರ ಕಾಯಿಲೆ ಅಂತ ಸುಳ್ಳು ಹೇಳೋದು ಅಂದ್ರೇನು! ಕಾಯಿಲೆ ವಿಷ್ಯದಲ್ಲಿ ಯಾರಾದ್ರೂ ಸುಳ್ಳು ಹೇಳ್ತಾರಾ?

ನೀಲಾಂಬಿಕಾ: ಆತು ಬಿಡ್ರಿ. ಎದಿ ಇಲ್ಲ ಅಂತ ಬರದೆ. ಸಣ್ಣ ಪ್ಲಾನ್ ನಡೀತೈತಿ. ಈಗ ನಿಮ್ಮದು ಹೇಳ್ರಿ ಅಣ್ಣಾರ.

ಬೈರಯ್ಯ: ನಂದೇನಿಲ್ಲ. ಬೈರಯ್ಯ, ಆರೋಗ್ಯವಂತ.

ರಾಮಮ್ಮ: ಡಿಸ್ಕು?

ಬೈರಯ್ಯ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸತೊಡಗಿದರು.

ರಾಮಮ್ಮ: ಅವರ ಸೊಂಟದ ಡಿಸ್ಕ್ ಬರಿ ನೀಲಾ. ಜರುಗಿದೆ. ನೆಲದ ಮೇಲೆ ಕೂರಂಗಿಲ್ಲ, ಅಟ್ಟ ಹತ್ತಂಗಿಲ್ಲ, ಸಿಲಿಂಡರ್ ಮುಟ್ಟಂಗಿಲ್ಲ. ಕೆಂಗೇರಿಲಿ ನನ್ ತಂಗಿ ಮನೆ, ಬಸ್ಸಲ್ಲಿ ಕೂತು ಅಲ್ಲೀವರ್ಗೂ ಹೋಗೋಕಾಗಲ್ಲ. ಹಬ್ಬ ಹುಣ್ಣಿಮೆಗೆ ನಾನೊಬ್ಳೇ ಹೋಗಿ ಬರ್ತೀನಿ.

ನೀಲಾಂಬಿಕಾ: ಡಿಸ್ಕು ಬರೀಲ್ರಿ ಅಣ್ಣಾರ?

ಬೈರಯ್ಯ: ಅದು... ಬೇಡ ಬಿಡಮ್ಮ. ಈಗ ಪರವಾಗಿಲ್ಲ. ವಾಸಿ ಆಗ್ತಾ ಇದೆ.

ರಾಮಮ್ಮ: ಯಾವಾಗಿಂದ?

ಬೈರಯ್ಯ: ಇವಾಗ್ಲಿಂದ.

ನೀಲಾಂಬಿಕಾ: ತಡೀರಿ ತಡೀರಿ. ಮೊನ್ನೆ ನಾ ಜ್ವಾಳ ಬೀಸಾಕ ತಂದಿದ್ನೆಲ್ರಿ, ಊರಿಂದ ಬಂದ ಇಡೀ ಚೀಲ. ಆಟೋದವ ಎತ್ತಾಕ ಆಗೂದಿಲ್ಲ ಅಂದ. ನೀವ ಬಂದು ಒಂದ ಕೈಲೆ ಹೆಗಲಿಗೆ ಹಾಕ್ಕೊಂಡು ಹೋದ್ರೆಲ್ರಿ!

ರಾಮಮ್ಮ: ಹೆಗಲ ಮೇಲಾ!

ನೀಲಾಂಬಿಕಾ: ಶಿಳ್ಳಿ ಹೊಡಕೋತ ಹೋದ್ರು.

ಈ ಸಲ ಹಾಲಿನಲ್ಲಿ ನಗು ಕಿಸಕ್ಕೆನ್ನಲಿಲ್ಲ, ಸಲೀಸಾಗಿ ಹರಿಯಿತು.

ರಾಮಮ್ಮ: ಅಂದ್ರೆ ನನ್ ತಂಗಿ ಮನೆಗೆ ಬರದೇ ಇರೋಕೆ ಡಿಸ್ಕು!

ಬೈರಯ್ಯ: ನಿನ್ ತಂಗಿ ಗಂಡ ಇದಾನಲ್ಲ, ಅವನ ಸೈಟಿನ ಕಥೆ ಕೇಳೋಕಾಗಲ್ಲ ಕಣೇ. ಹೋದಾಗೆಲ್ಲ ಅದೇ ಸೈಟು, ಅದೇ ಕೋರ್ಟು. ಎಷ್ಟು ಸಲ ಕೇಳೋದು?

ರಾಮಮ್ಮ: ಸಿಲಿಂಡರ್ ನಾನು ಉರುಳಿಸ್ಕೊಂಡು ಹೋಗ್ತಾ ಇದ್ದೆ! ಹಾರ್ಟ್ ಪೇಷೆಂಟ್ ಕೈಲಿ ಸಿಲಿಂಡರ್ ಉರುಳಿಸಿದೀರಾ!

ಬೈರಯ್ಯ: ಏ, ಹಾರ್ಟ್ ಪೇಷೆಂಟ್ ಅಲ್ಲ ಅಂತ ಈಗ ತಾನೇ ಹೇಳಿದ್ದು!

ರಾಮಮ್ಮ: ಅದು ನಿಮಗೆ ಗೊತ್ತಿರ್ಲಿಲ್ವಲ್ಲ!

ಬೈರಯ್ಯ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

ಬೈರಯ್ಯ: ಸರಿ, ಒಂದ್ ಮಾತಿಗೆ ಬರೋಣ. ಫಾರಮ್ಮಲ್ಲಿ ಇಬ್ರದೂ ಬೇಡ. ಡಿಸ್ಕು ಮನೇಲಿ ಹಂಗೇ ಇರ್ಲಿ.

ರಾಮಮ್ಮ: ಹಂಗಾದ್ರೆ ನನ್ ಹಾರ್ಟೂ ಮನೇಲಿ ಹಂಗೇ ಇರ್ಲಿ.

ಬೈರಯ್ಯ: ಕಾಫಿ ದಿನ ಬಿಟ್ಟು ದಿನ.

ರಾಮಮ್ಮ: ಕೆಂಗೇರಿಗೆ ಯುಗಾದಿ ಒಂದಕ್ಕೆ ಬನ್ನಿ ಸಾಕು.

ನೀಲಾಂಬಿಕಾ: ಏನ್ ಮಂದೀರಿ ನೀವು! ಮನಿ ಬ್ಯಾನಿ ಬ್ಯಾರೆ, ಫಾರಮ್ ಬ್ಯಾನಿ ಬ್ಯಾರೆ ಇಟ್ಕೊಂಡೀರಿ? ನನಗ ಸುಳ್ಳ ಬ್ಯಾನಿ ಬ್ಯಾಡ. ಖರೇ ಬ್ಯಾನಿ ಏನರ ಇದ್ರ ಹೇಳ್ರಿ, ಕಡೀ ಸಲ ಕೇಳ್ತೀನಿ.

ಇಬ್ಬರೂ ಇಲ್ಲ ಎಂದು ತಲೆಯಾಡಿಸಿದರು. ನೀಲಾಂಬಿಕಾ ಪೆನ್ನಿನ ಟೋಪಿ ತೆಗೆದರು. ಅಷ್ಟರಲ್ಲಿ ಬೈರಯ್ಯ ಮತ್ತೆ ಮೂಗು ಹಿಡಿದುಕೊಂಡು ಎದ್ದರು. ರಾಮಮ್ಮ ಅವರ ಅಂಗಿಯ ತೋಳು ಹಿಡಿದರು.

ರಾಮಮ್ಮ: ಎಲ್ಲಿಗೆ?

ಬೈರಯ್ಯ: ಸೀನು.

ರಾಮಮ್ಮ: ನನ್ ಹಾರ್ಟ್ ಸರಿ ಇದೆ ಅಂತ ಗೊತ್ತಾಯ್ತಲ್ಲ. ಇನ್ಯಾಕೆ ಹೊರಗೆ ಓಡೋದು?

ಬೈರಯ್ಯ: ಅಭ್ಯಾಸ ಕಣೇ, ಬಿಡು.

ರಾಮಮ್ಮ: ಒಂದು ಸೀನಿಗೆ ಅಷ್ಟು ಹೊತ್ತು ಯಾಕೆ? ಆವಾಗ ಹೋಗಿದ್ದು, ಎಷ್ಟೊತ್ತಿಗೆ ಬಂದ್ರಿ! ಹಣೆ ಎಲ್ಲಾ ಬೆವರು. ಮನೇಲೂ ಹಂಗೇ, ಸೀನೋಕೆ ಅಂತ ಹೋಗಿ ಮೆಟ್ಟಿಲ ಮೇಲೆ ಕೂತ್ಕೊಂಡ್ಬಿಡ್ತೀರಾ. ನಾನು, ಪಕ್ಕದ ಮನೆಯವರ ಹತ್ರ ಹರಟೆ ಅಂದ್ಕೊಂಡಿದ್ದೆ.

ಬೈರಯ್ಯ: ಹರಟೇನೇ.

ರಾಮಮ್ಮ: ನನ್ ಮುಖ ನೋಡಿ ಹೇಳಿ.

ಬೈರಯ್ಯ ಮುಖ ನೋಡಲಿಲ್ಲ. ಚಪ್ಪಲಿಯ ಗಂಟನ್ನು ಎತ್ತಿಕೊಂಡರು, ಮತ್ತೆ ಕೆಳಗಿಟ್ಟರು. ಸೀನು ಎಲ್ಲೋ ಒಳಗೇ ಅಡಗಿತು. ಅದರ ಬದಲು ಎದೆಯೊಳಗಿನಿಂದ ಸಣ್ಣಗೆ ಒಂದು ಸುಯ್ ಎನ್ನುವ ಸದ್ದು ಬಂತು. ಇಷ್ಟು ವರ್ಷ ಒಂದೇ ರಸ್ತೆಯಲ್ಲಿದ್ದರೂ ನಾನು ಅದನ್ನು ಕೇಳಿರಲಿಲ್ಲ.

ಬೈರಯ್ಯ: ಸೀನು ಒಂದೇ ಕಣೇ. ಅದಾದ್ಮೇಲೆ ಒಂದೊಂದ್ಸಲ ಉಸಿರು ಸಿಗಲ್ಲ. ಮಿಲ್ಲಿನ ಧೂಳು. ಸ್ವಲ್ಪ ಹೊತ್ತು ಕೂತ್ರೆ ಸರಿ ಹೋಗುತ್ತೆ.

ರಾಮಮ್ಮ: ಎಷ್ಟು ದಿನದಿಂದ?

ಬೈರಯ್ಯ: ದಿನ ಅಲ್ಲ, ವರ್ಷ ಅನ್ನು.

ರಾಮಮ್ಮ: ಯಾಕ್ರೀ ನನಗೆ ಹೇಳ್ಲಿಲ್ಲ?

ಬೈರಯ್ಯ: ಹೆಂಗ್ ಹೇಳ್ಲಿ? ಕೆಟ್ಟ ಸುದ್ದಿ ಹೇಳ್ಬಾರ್ದು, ಶಾಕ್ ಆಗುತ್ತೆ ಅಂತ ನೀನೇ ಅಂದಿದ್ಯಲ್ಲ. ನನ್ ಉಸಿರಿನ ಕಥೆ ಹೇಳಿ ನಿನ್ ಹಾರ್ಟಿಗೆ ಏನಾದ್ರೂ ಆಗಿದ್ರೆ ನಾನೇನ್ ಮಾಡ್ಲಿ?

ನಗುತ್ತಿದ್ದವರು ನಗುವುದನ್ನು ನಿಲ್ಲಿಸಿದರು. ರಾಮಮ್ಮನ ಕಣ್ಣಲ್ಲಿ ನೀರು ತುಂಬಿತು. ತಾನು ಬೋಂಡ ತಿಂದು ಕಟ್ಟಿದ ಕಥೆ ಗಂಡನ ಉಸಿರಿನ ಮೇಲೆ ಹೋಗಿ ಕೂತಿದೆ ಎಂದು ಗೊತ್ತಾದ ಆ ಗಳಿಗೆಯಲ್ಲಿ ಆಕೆಗೆ ನಿಜವಾಗಿಯೂ ಎದೆನೋವು ಬಂದಿದ್ದರೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಆದರೆ ಆಕೆ ಅತ್ತುಕೊಂಡು ಕೂರುವ ಹೆಂಗಸಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡರು.

ರಾಮಮ್ಮ: ಬರಿ ನೀಲಾ. ಇದನ್ನ ಬರಿ.

ಬೈರಯ್ಯ: ಬೇಡಮ್ಮ! ಸಣ್ಣ ಪ್ಲಾನ್ ಕೈ ತಪ್ಪಿ ಹೋಗುತ್ತೆ.

ನೀಲಾಂಬಿಕಾ: ಪೂರಾ ತಪ್ಪೂದಿಲ್ರಿ. ದಮ್ಮಿಗೆ ಸ್ವಲ್ಪ ಜಾಸ್ತಿ ತಗೋತಾರ, ಎದಿ ಬ್ಯಾನಿಯಷ್ಟು ಇಲ್ಲ. ಈ ದಮ್ಮಿನ ಸಲುವಾಗಿ ಆಸ್ಪತ್ರಿ ಸೇರಿದ್ರ ಮೊದಲ ಕೆಲವು ವರ್ಷ ಕೊಡೂದಿಲ್ಲ, ಉಳಿದದ್ದಕ್ಕ ಕೊಡ್ತಾರ. ಮುಚ್ಚಿಟ್ರ ಮಾತ್ರ ಯಾವದಕ್ಕೂ ಇಲ್ಲ.

ರಾಮಮ್ಮ: ಆ ಸ್ವಲ್ಪ ಜಾಸ್ತಿ ನನಗಿರ್ಲಿ. ಬರಿ.

ನೀಲಾಂಬಿಕಾ: ಬರದೆ. ಆದ್ರ ಡಾಕ್ಟರ್ ಚೀಟಿ ಬೇಕ್ರಿ. ಮಗ್ಗಲ ಖೋಲಿಯೊಳಗ ಕ್ಯಾಂಪಿನ ಡಾಕ್ಟರಮ್ಮ ಕುಂತಾರ. ಈಗ ಹೋಗಿ ತೋರಿಸಿಕೊಂಡು ಬರ್ರಿ.

ಬೈರಯ್ಯ: ಈಗಾ? ಈಗಾಗಲ್ಲಮ್ಮ. ಭಾನುವಾರ, ಮಿಲ್ ಮುಂದೆ ಡಬ್ಬಗಳ ಸಾಲೇ ಇರುತ್ತೆ. ಮುಂದಿನ ವಾರ ನೋಡೋಣ. ಡಾಕ್ಟ್ರಿಗೆಲ್ಲ ತೋರಿಸ್ಕೊಳೋ ಅಷ್ಟೇನಾಗಿಲ್ಲ ನನಗೆ.

ರಾಮಮ್ಮ: ಹೋಗಲ್ವಾ?

ಬೈರಯ್ಯ: ಮುಂದಿನ ವಾರ ಅಂದೆನಲ್ಲ.

ರಾಮಮ್ಮ ಬಲಗೈಯನ್ನು ನಿಧಾನಕ್ಕೆ ಎತ್ತಿ ಎದೆಯ ಎಡಭಾಗದ ಮೇಲೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ತಲೆಯನ್ನು ಕುರ್ಚಿಯ ಬೆನ್ನಿಗೆ ಒರಗಿಸಿದರು. ಎಷ್ಟು ಪಳಗಿದ ಕೈ ಎಂದರೆ, ಎಲ್ಲ ಗೊತ್ತಿದ್ದೂ ನಾನು ಅರ್ಧ ಎದ್ದು ನಿಂತಿದ್ದೆ.

ರಾಮಮ್ಮ: ಅಯ್ಯಯ್ಯೋ... ಎದೆ ಯಾಕೋ ಹಿಡ್ಕೊಂಡಂಗೆ ಆಗ್ತಾ ಇದೆ ಕಣ್ರೀ...

ಬೈರಯ್ಯ: ಏ ರಾಮಿ. ಇದು ಮನೇದೋ, ಫಾರಮ್ಮಿಂದೋ?

ರಾಮಮ್ಮ: (ಕಣ್ಣು ತೆರೆಯದೆ) ಮನೇದು. ಎದ್ದೇಳಿ.

ಬೈರಯ್ಯ ಒಂದು ಗಳಿಗೆ ಆಕೆಯನ್ನು ನೋಡಿದರು. ಆಮೇಲೆ ಇಷ್ಟು ವರ್ಷ ಎದ್ದ ಹಾಗೇ ಎದ್ದರು. ಬಿಸಿನೀರಿನ ಬಾಟಲಿಯ ಮುಚ್ಚಳ ತೆಗೆದು ಆಕೆಯ ಕೈಗೆ ಕೊಟ್ಟು, ಚಪ್ಪಲಿಯ ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ಡಾಕ್ಟರಮ್ಮನ ಕೋಣೆಯ ಕಡೆ ಹೊರಟರು. ರಾಮಮ್ಮ ತಟ್ಟನೆ ಹುಷಾರಾಗಿ ಹಿಂದೆಯೇ ನಡೆದರು. ಕೋಣೆಯ ಬಾಗಿಲಲ್ಲಿ ಬೈರಯ್ಯ ನಿಂತರು. ಮೂಗು ಹಿಡಿದುಕೊಂಡು ಗೇಟಿನ ಕಡೆ ತಿರುಗಿದರು.

ರಾಮಮ್ಮ: ಇಲ್ಲೇ ಸೀನ್ರೀ.

ಬೈರಯ್ಯ ಸೀನಿದರು. ಆಹಾ, ಅದು ಎಷ್ಟು ವರ್ಷದ ಬಾಕಿಯೋ! ಮೇಜಿನ ಮೇಲಿದ್ದ ಟೋಕನ್ ಚೀಟಿಗಳು ಹಾರಿ ಬಿದ್ದವು, ಅರ್ಚಕರು ಕಿಟಕಿಯಿಂದ ಮಾಯವಾದರು. ಬೈರಯ್ಯನವರಿಗೇ ತಮ್ಮ ಸೀನು ಕೇಳಿ ಬೆರಗಾದಂತಿತ್ತು. ಮೂಗು ಒರೆಸಿಕೊಂಡು ಹೊಸ್ತಿಲು ದಾಟಿ ಕೋಣೆಯೊಳಗೆ ಕಾಲಿಡಲು ಹೋದರೆ, ರಾಮಮ್ಮ ಮತ್ತೆ ಅಂಗಿಯ ತೋಳು ಹಿಡಿದು ಎಳೆದರು.

ಬೈರಯ್ಯ: ಈಗೇನೇ?

ರಾಮಮ್ಮ: ಒಳ್ಳೇ ಕೆಲ್ಸಕ್ಕೆ ಹೋಗೋವಾಗ ಒಂಟಿ ಸೀನು ಆಗಲ್ಲ ಕಣ್ರೀ. ಇನ್ನೊಂದ್ ಸೀನಿ, ಆಮೇಲೆ ಹೋಗೋಣ.